ಹೆಪ್ಪು ಕೆಡಿಸುವ ಫೇಜೂ ಪಾತ್ರೆಗಳ ಶುದ್ಧಿಯೂ

(ಗ್ರಾಮದ ಮುಖಂಡರ ಮತ್ತು ಹಿಡುವಳಿದಾರರ ಸಭೆಯಲ್ಲಿ ವ್ಯವಸಾಯ ಇನ್‌ಸ್ಪೆಕ್ಟರು ಮಾಡಿದ ಭಾಷಣ)



ಹಸುವನ್ನು ಸಾಕುವ ವಿಚಾರದಲ್ಲಾಗಲಿ, ಹಾಲು ಕರೆಯುವ ವಿಚಾರದಲ್ಲಾಗಲಿ ತಮಗೆ ನಾನು ಹೊಸದಾಗಿ ಹೇಳತಕ್ಕದ್ದು ಹೆಚ್ಚಾಗಿ ಇಲ್ಲ. ಆದರೆ ಕರೆದ ಹಾಲು ಮೊಸರಾಗುವವರೆಗೆ ಅದರೊಳಗೆ ನಡೆಯುವ ಕಾರ್ಯವು ಕಣ್ಣಿಗೆ ಕಾಣತಕ್ಕದ್ದಲ್ಲ. ಕಣ್ಣಿಗೆ ಕಾಣದ ಸ್ಥಳದಲ್ಲಿ ಕೆಲಸ ಕೆಟ್ಟಾಗ ಕಣ್ಣಿಗೆ ಕಾಣುವ ಮನುಷ್ಯರನ್ನು ದೂರುವುದು ಲೋಕರೂಢಿಯಾಗಿದೆ. ಸಂಘದ ತೊಟ್ಟಿಯಲ್ಲಿ ಹೆಪ್ಪು ಹಾಕಿದ ಹಾಲು ಬೆಳಗಾದರೂ ಗಟ್ಟಿಯಾಗದೆ ಉಳಿದರೆ ಮೊದಲು ಹುಟ್ಟುವ ಮಾತು “ಯಾರೋ ಹಾಲಿಗೆ ಏನನ್ನೋ ಬೆರೆಸಿದ್ದಾರೆ” ಎಂಬುದು. ಎರಡನೆಯದು “ಹೆಪ್ಪು ಹಾಕಿದವನ ಕೈ ಸರಿಯಿಲ್ಲ” ಎಂಬುದು. ಮೂರನೆಯದು “ದೃಷ್ಟಿ ತಾಕಿದೆ” ಎಂಬುದು. ಇಂಥ ಮಾತು ಒಮ್ಮೆ ಊರಿನಲ್ಲಿ ಹರಡಿದರೆ ಅದರ ಭಾರವು ಸಾಮಾನ್ಯವಾಗಿ ಒಂದೆರಡು ಹಸುಗಳ ಹಾಲಿನಿಂದ ಜೀವನ ಮಾಡತಕ್ಕ ಬಡವರ ತಲೆಯ ಮೇಲೆಯೇ ಬೀಳುತ್ತದೆ. ಅವರ ಹಾಲನ್ನು ತೆಗೆದುಕೊಳ್ಳುವುದು ನಿಲ್ಲುತ್ತದೆ. ವ್ಯಾಜ್ಯವು ತಮ್ಮಂಥ ಮುಖಂಡರ ಮುಂದೆ ಬರುತ್ತದೆ. ಆದಕಾರಣ ಈ ವಿಷಯವು ಪಾತ್ರೆ ತೊಳೆಯುವವರಿಗೆ ಮಾತ್ರ ಸಂಬಂಧಿಸಿದ್ದೆಂದು ತಾವು ಭಾವಿಸಬಾರದು. ನ್ಯಾಯ ಹೇಳುವವರಿಗೂ ಇದು ಸಂಬಂಧಿಸಿದ್ದು.

ಈಚೆಗೆ ಹಳ್ಳಿಗಳಲ್ಲಿಯೂ ಮೊಸರು, ಮಜ್ಜಿಗೆ ಮೊದಲಾದುವನ್ನು ನೂರಾರು ಲೀಟರುಗಳ ಪ್ರಮಾಣದಲ್ಲಿ ತಯಾರಿಸಿ ಮಾರುವ ಉದ್ಯೋಗವು ಹಬ್ಬುತ್ತಿದೆ. ಮನೆಯ ಗಡಿಗೆಯಲ್ಲಿ ಮೊಸರು ಕೆಟ್ಟರೆ ಒಂದು ಹೊತ್ತಿನ ಊಟ ಕೆಟ್ಟೀತು; ತೊಟ್ಟಿಯಲ್ಲಿ ಕೆಟ್ಟರೆ ಅನೇಕ ಮನೆಗಳ ಒಂದು ದಿನದ ದುಡಿಮೆಯೇ ಚರಂಡಿಯ ಪಾಲಾಗುತ್ತದೆ. ಈ ನಷ್ಟದ ಕಾರಣಗಳಲ್ಲಿ ಬಹು ಮುಖ್ಯವಾದರೂ ಬಹು ಕಡಿಮೆ ಜನಕ್ಕೆ ತಿಳಿದಿರುವ ಒಂದನ್ನು ಕುರಿತು ಈ ದಿನ ತಮ್ಮ ಮುಂದೆ ಅರಿಕೆ ಮಾಡುತ್ತೇನೆ. ಅದರ ಹೆಸರು ಬ್ಯಾಕ್ಟೀರಿಯೊಫೇಜ್, ಸಂಕ್ಷೇಪವಾಗಿ ಫೇಜ್.

೧. ಹಾಲು ಮೊಸರಾಗುವ ಬಗೆ

ಹೆಪ್ಪೆಂಬುದು ಔಷಧದಂಥ ನಿರ್ಜೀವ ವಸ್ತುವಲ್ಲ. ಅದು ಬಿತ್ತನೆಯ ಬೀಜದಂತೆ ಜೀವವುಳ್ಳದ್ದು. ಒಂದು ಚಮಚ ಹೆಪ್ಪಿನಲ್ಲಿ ಕೋಟಿಗಟ್ಟಲೆ ಅಣುಜೀವಿಗಳಿರುತ್ತವೆ. ಲ್ಯಾಕ್ಟೊಕಾಕಸ್, ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್, ಲ್ಯಾಕ್ಟೊಬ್ಯಾಸಿಲಸ್ ಎಂಬಿವು ಇವುಗಳಲ್ಲಿ ಮುಖ್ಯವಾದ ಜಾತಿಗಳು. ಇವು ಹದವಾದ ಬೆಚ್ಚಗಿನ ಹಾಲಿಗೆ ಬಿದ್ದೊಡನೆ ಹಾಲಿನ ಸಕ್ಕರೆಯನ್ನು ಉಂಡು ವೃದ್ಧಿಹೊಂದುತ್ತ ಲ್ಯಾಕ್ಟಿಕ್ ಆಮ್ಲವೆಂಬ ಹುಳಿಯನ್ನು ಬಿಡುತ್ತವೆ. ಹುಳಿಯು ತಕ್ಕಷ್ಟು ಏರಿದಾಗ ಹಾಲಿನಲ್ಲಿರುವ ಕೇಸೀನ್ ಎಂಬ ಪದಾರ್ಥವು ಒಂದಕ್ಕೊಂದು ಹತ್ತಿಕೊಂಡು ಗಟ್ಟಿಯಾಗುತ್ತದೆ. ಇದೇ ಮೊಸರು. ಹುಳಿ ಹುಟ್ಟದಿದ್ದರೆ ಮೊಸರೂ ಇಲ್ಲ. ಅಣುಜೀವಿಗಳು ಬದುಕದಿದ್ದರೆ ಹುಳಿಯೂ ಇಲ್ಲ.

ಈ ಹುಳಿಯಿಂದ ಮತ್ತೊಂದು ಮಹತ್ತಾದ ಉಪಕಾರವುಂಟು. ಹಾಲು ಬೇಗನೆ ಹುಳಿಯಾದರೆ ರೋಗವನ್ನುಂಟುಮಾಡುವ ಬೇರೆ ಕ್ರಿಮಿಗಳಿಗೆ ಅಲ್ಲಿ ಬೆಳೆಯಲು ಅವಕಾಶವಿರುವುದಿಲ್ಲ. ಹೊಲದಲ್ಲಿ ಪೈರು ಬೇಗ ಮೇಲೆದ್ದು ನೆಲವನ್ನು ಮುಚ್ಚಿದರೆ ಕಳೆ ಅಡಗುವಂತೆಯೇ ಇದು. ಪೈರು ಹುಟ್ಟದ ಹೊಲವನ್ನು ಕಳೆ ಆಕ್ರಮಿಸುವಂತೆ, ಹೆಪ್ಪು ಸತ್ತ ಹಾಲನ್ನು ಕೆಟ್ಟ ಕ್ರಿಮಿಗಳು ಆಕ್ರಮಿಸುತ್ತವೆ.

೨. ಫೇಜ್ ಎಂದರೇನು

ಭತ್ತಕ್ಕೆ ರೋಗ ಬರುವಂತೆ, ರಾಗಿಗೆ ರೋಗ ಬರುವಂತೆ ಈ ಅಣುಜೀವಿಗಳಿಗೂ ರೋಗ ಬರುತ್ತದೆ. ಆ ರೋಗದ ಬೀಜವೇ ಫೇಜ್. ಹೆಪ್ಪಿನ ಅಣುಜೀವಿಯೊಂದು ಒಂದು ಮಿಲಿಮೀಟರಿನಲ್ಲಿ ಸುಮಾರು ಸಾವಿರದಲ್ಲೊಂದು ಪಾಲಿನಷ್ಟಿರುತ್ತದೆ. ಫೇಜಿನ ತಲೆಯು ಅದರಲ್ಲಿಯೂ ಸುಮಾರು ಇಪ್ಪತ್ತರಲ್ಲೊಂದು ಪಾಲು. ಸಾಧಾರಣ ಸೂಕ್ಷ್ಮದರ್ಶಕದಿಂದಲೂ ಅದನ್ನು ಕಾಣಲಾಗದು. ಅದಕ್ಕೆ ಒಂದು ತಲೆ, ಒಂದು ಬಾಲ. ಅದು ಬಾಲದಿಂದ ಅಣುಜೀವಿಯ ಮೈಯನ್ನು ಹಿಡಿದು, ತಲೆಯಲ್ಲಿರುವ ವಂಶದ್ರವ್ಯವನ್ನು ಅದರೊಳಕ್ಕೆ ಹೊಗಿಸುತ್ತದೆ. ಆ ಬಳಿಕ ಅಣುಜೀವಿಯು ತನ್ನ ಕೆಲಸವನ್ನು ಬಿಟ್ಟು ಫೇಜಿನ ಮರಿಗಳನ್ನು ತಯಾರಿಸತೊಡಗಿ, ಕೊನೆಗೆ ಒಡೆದುಹೋಗುತ್ತದೆ; ಹತ್ತಾರು, ಕೆಲವು ಸಾರಿ ನೂರಕ್ಕೂ ಮೇಲ್ಪಟ್ಟು ಹೊಸ ಫೇಜುಗಳು ಹೊರಕ್ಕೆ ಬರುತ್ತವೆ. ಇಷ್ಟಕ್ಕೆ ಹಿಡಿಯುವ ಕಾಲವು ಹೆಚ್ಚಾದರೆ ಒಂದು ಗಂಟೆಯ ಆಸುಪಾಸು.

ಲೆಕ್ಕಕ್ಕಾಗಿ, ಒಂದು ಸಲಕ್ಕೆ ನೂರು ಮರಿಗಳೆಂದು ಹಿಡಿಯೋಣ. ಒಂದು ಫೇಜು ನೂರಾಗಿ, ನೂರು ಹತ್ತು ಸಾವಿರವಾಗಿ, ಹತ್ತು ಸಾವಿರ ಹತ್ತು ಲಕ್ಷವಾಗುವುದಕ್ಕೆ ಮೂರೇ ಸರದಿ ಸಾಕು. ಮೂರು ಸಲ ಇಮ್ಮಡಿಸಿದ ಅಣುಜೀವಿಯಾದರೋ ಒಂದು ಎಂಟಾಗಿರುತ್ತದೆ, ಅಷ್ಟೆ. ಓಟದಲ್ಲಿ ಯಾರು ಗೆಲ್ಲುವರೆಂಬುದನ್ನು ತಾವೇ ಊಹಿಸಬಹುದು. ಫೇಜ್ ಹತ್ತಿದ ತೊಟ್ಟಿಯ ತಿಳಿನೀರಿನ ಒಂದೊಂದು ಮಿಲಿಲೀಟರಿನಲ್ಲಿಯೂ ನೂರು ಕೋಟಿಯವರೆಗೆ ಫೇಜುಗಳಿರುವುದುಂಟು.

ಫೇಜಿನಿಂದ ಮನುಷ್ಯರಿಗಾಗಲಿ ದನಕರುಗಳಿಗಾಗಲಿ ಯಾವ ರೋಗವೂ ಬರುವುದಿಲ್ಲವೆಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಅದಕ್ಕೆ ಅಣುಜೀವಿಯೇ ಆಹಾರ. ಅಷ್ಟೇ ಅಲ್ಲ, ಒಂದೊಂದು ಫೇಜಿಗೆ ಒಂದೊಂದು ಬಗೆಯ ಅಣುಜೀವಿಯೇ ಬೇಕು. ಬೀಗಕ್ಕೆ ತಕ್ಕ ಕೀಲಿಕೈಯಂತೆ. ಈ ಮಾತನ್ನು ತಾವು ಜ್ಞಾಪಕದಲ್ಲಿಡಬೇಕು; ಮುಂದೆ ಹೇಳುವ ಉಪಾಯಗಳಲ್ಲಿ ಕೆಲವು ಇದನ್ನೇ ಆಶ್ರಯಿಸಿವೆ. ಮನೆಯ ಹೆಪ್ಪು ಪೂರ್ತಿಯಾಗಿ ಕೆಡುವುದು ಅಪರೂಪವೇಕೆಂದರೆ, ಅದರಲ್ಲಿ ಅನೇಕ ಬಗೆಯ ಅಣುಜೀವಿಗಳು ಬೆರಕೆಯಾಗಿರುತ್ತವೆ. ಒಂದು ಬಗೆ ಸತ್ತರೆ ಮತ್ತೊಂದು ಕೆಲಸವನ್ನು ಮುಂದುವರಿಸುತ್ತದೆ. ಕೆಟ್ಟಾಗ ನಮ್ಮ ಹೆಂಗಸರು ನೆರೆಮನೆಯಿಂದ ಹೆಪ್ಪು ತರುವ ಪದ್ಧತಿಯೂ ಯುಕ್ತಿಯುಕ್ತವಾದುದೇ. ಕಾರ್ಖಾನೆಯಲ್ಲಾದರೋ ಮೊಸರು ದಿನವೂ ಒಂದೇ ರುಚಿಯಾಗಿರಬೇಕೆಂದು ಆರಿಸಿದ ಒಂದೆರಡು ಬಗೆಗಳನ್ನೇ ಬಳಸುವುದರಿಂದ ಅಪಾಯ ಹೆಚ್ಚು.

೩. ಇದನ್ನು ಕಂಡುಹಿಡಿದ ಬಗೆ

ಗಂಗಾ ಯಮುನಾ ನದಿಗಳ ನೀರಿನಲ್ಲಿ ಕಾಲರಾ ಕ್ರಿಮಿಯನ್ನು ಕೊಲ್ಲುವ ಯಾವುದೋ ಗುಣವಿದೆಯೆಂದು ಹ್ಯಾಂಕಿನ್ ಎಂಬವರು ೧೮೯೬ರಲ್ಲಿಯೇ ಬರೆದಿದ್ದರು. ಲಂಡನ್ನಿನಲ್ಲಿ ಟ್ವಾರ್ಟ್ ಎಂಬವರು ೧೯೧೫ರಲ್ಲಿಯೂ, ಪ್ಯಾರಿಸಿನಲ್ಲಿ ಡಿ’ಹೆರೆಲ್ ಎಂಬವರು ೧೯೧೭ರಲ್ಲಿಯೂ ಅಣುಜೀವಿಗಳನ್ನು ಕರಗಿಸತಕ್ಕ ಈ ವಸ್ತುವನ್ನು ವರ್ಣಿಸಿದರು. ಅಣುಜೀವಿಯನ್ನು ತಿನ್ನುವುದು ಎಂಬರ್ಥದ ಹೆಸರನ್ನು ಕೊಟ್ಟವರು ಡಿ’ಹೆರೆಲ್.

ಹಾಲಿನ ಉದ್ಯಮದಲ್ಲಿ ಇದರ ಹಾವಳಿಯನ್ನು ತೋರಿಸಿಕೊಟ್ಟದ್ದು ನ್ಯೂಜಿಲೆಂಡ್ ದೇಶ. ಅಲ್ಲಿಯ ರೈತರ ಜೀವನವು ಬಹುಮಟ್ಟಿಗೆ ಇಂಗ್ಲೆಂಡಿಗೆ ಕಳುಹಿಸತಕ್ಕ ಚೀಸ್ ಮತ್ತು ಬೆಣ್ಣೆಯನ್ನು ಅವಲಂಬಿಸಿತ್ತು. ಚೀಸಿನ ಗುಣ ಉತ್ತಮವಾಗಲೆಂದು ಒಂದೇ ಬಗೆಯ ಅಣುಜೀವಿಯುಳ್ಳ ಶುದ್ಧ ಹೆಪ್ಪನ್ನು ಬಳಸತೊಡಗಿದಾಗ, ನಿನ್ನೆ ಚೆನ್ನಾಗಿದ್ದ ಹೆಪ್ಪು ಈ ದಿನ ಇದ್ದಕ್ಕಿದ್ದಂತೆ ಸಾಯುವುದು ಕಂಡುಬಂತು. ಪಾಮರ್‌ಸ್ಟನ್ ನಾರ್ತ್ ಎಂಬ ಊರಿನ ಹಾಲಿನ ಸಂಶೋಧನಾಲಯದಲ್ಲಿದ್ದ ವೈಟ್‌ಹೆಡ್ ಮತ್ತು ಕಾಕ್ಸ್ ಎಂಬವರು ಇದಕ್ಕೆ ಫೇಜೇ ಕಾರಣವೆಂದು ೧೯೩೫ರಲ್ಲಿ ಪ್ರಕಟಿಸಿದರು. ಆ ಮೇಲೆ ನಡೆದ ಸಂಶೋಧನೆಯಿಂದ, ಫೇಜು ಕಾರ್ಖಾನೆಯ ಗಾಳಿಯಲ್ಲಿ ತೇಲಿಬಂದು ಹೆಪ್ಪಿಗೆ ಬೀಳುವುದೆಂದೂ, ಹೆಪ್ಪನ್ನು ಪ್ರತ್ಯೇಕವಾಗಿ ಕಾಪಾಡಿದರೆ ನಷ್ಟ ತಪ್ಪುವುದೆಂದೂ ತಿಳಿದುಬಂತು. ಹಾಲೂ ಕೆಟ್ಟಿರಲಿಲ್ಲ, ಹಾಲು ತಂದವನೂ ಕೆಟ್ಟವನಾಗಿರಲಿಲ್ಲ ಎಂಬುದೇ ಈ ದೃಷ್ಟಾಂತದಿಂದ ನಾವು ಕಲಿಯತಕ್ಕ ಪಾಠ.

ನಮ್ಮ ನಾಡಿಗೂ ಹಾಲಿನ ಶಾಸ್ತ್ರವು ಹೊಸದಲ್ಲ. ಹೈನುಗಾರಿಕೆಯನ್ನು ಕಲಿಸುವುದಕ್ಕಾಗಿ ೧೯೨೩ರಲ್ಲಿ ಬೆಂಗಳೂರಿನಲ್ಲಿ ಇಂಪೀರಿಯಲ್ ಸಂಸ್ಥೆಯೊಂದು ಸ್ಥಾಪಿತವಾಯಿತು. ೧೯೨೭ರಲ್ಲಿ ಮಹಾತ್ಮಾ ಗಾಂಧಿಯವರು ಅಲ್ಲಿಗೆ ಬಂದು ಪಶುಪಾಲನೆಯ ವಿಷಯವನ್ನು ಅಭ್ಯಾಸಮಾಡಿದರು. ೧೯೫೫ರಲ್ಲಿ ಕೇಂದ್ರಸ್ಥಾನವು ಕರ್ನಾಲಿಗೆ ಹೋದರೂ ಬೆಂಗಳೂರಿನಲ್ಲಿ ಅದರ ದಕ್ಷಿಣ ಶಾಖೆಯು ಉಳಿಯಿತು.

೪. ಫೇಜು ಅಡಗುವ ಸ್ಥಳಗಳು

ಫೇಜು ಮೊದಲು ಬರುವುದು ಸಾಮಾನ್ಯವಾಗಿ ಹಸಿ ಹಾಲಿನೊಂದಿಗೆ. ಎಷ್ಟು ಶುಚಿಯಾದ ಹಾಲಿನಲ್ಲಿಯೂ ಸ್ವಲ್ಪ ಇರಬಹುದು. ಇದು ಯಾರ ತಪ್ಪೂ ಅಲ್ಲ. ಕೆಲವು ವೇಳೆ ಹೆಪ್ಪಿನ ಅಣುಜೀವಿಯೇ ಫೇಜಿನ ವಂಶದ್ರವ್ಯವನ್ನು ತನ್ನೊಳಗೆ ಗುಪ್ತವಾಗಿ ಹೊತ್ತಿರುವುದೂ ಉಂಟು. ಬಂದ ಫೇಜು ಸ್ವಲ್ಪವಾಗಿರುವ ತನಕ ತೊಂದರೆಯಿಲ್ಲ. ಅದನ್ನು ದಿನದಿಂದ ದಿನಕ್ಕೆ ಸಾಕಿ ಬೆಳೆಸುವುದು ನಮ್ಮ ಪಾತ್ರೆ, ನೆಲ, ಗೋಡೆಗಳೇ.

ತೊಟ್ಟಿಯ ಮೂಲೆ, ಕ್ಯಾನಿನ ಕುತ್ತಿಗೆ, ಮುಚ್ಚಳದ ರಬ್ಬರು, ಕೊಳವೆಯ ಜೋಡಣೆ, ನಲ್ಲಿಯ ಒಳಭಾಗ, ಸೌಟಿನ ಹಿಡಿ ಸೇರುವ ಸಂದು, ಗೀರುಬಿದ್ದ ಪ್ಲಾಸ್ಟಿಕ್ ಪಾತ್ರೆ, ಹಾಲು ಸೋಸುವ ಬಟ್ಟೆ, ಒರೆಸುವ ಬಟ್ಟೆ, ನೆಲದ ಬಿರುಕು, ಚರಂಡಿಯ ಬಾಯಿ, ಇವೆಲ್ಲ ಅದರ ಮನೆಗಳು. ಹಾಲು ಒಣಗಿ ಪೊರೆಯಾಗಿ ಹತ್ತಿಕೊಂಡ ಕಡೆಯಲ್ಲಿ ಫೇಜು ಬಹುಕಾಲ ಸಾಯದೆ ಇರುತ್ತದೆ. ಒಣಗಿಸಿದರೆ ಸತ್ತೀತೆಂದು ನಂಬಿ ಕೂರುವಂತಿಲ್ಲ. ಇನ್ನು ತಿಳಿನೀರನ್ನು ಎತ್ತರದಿಂದ ಸುರಿಯುವಾಗಲೂ, ನೆಲಕ್ಕೆ ರಭಸದಿಂದ ನೀರು ಹಾಯಿಸುವಾಗಲೂ ಏಳುವ ಸೂಕ್ಷ್ಮವಾದ ತುಂತುರಿನ ಮೇಲೆ ಸವಾರಿಮಾಡಿ ಅದು ಗಾಳಿಯಲ್ಲಿ ಹರಡುತ್ತದೆ.

ಹಾಲನ್ನು ಕಾಯಿಸುತ್ತೇವಲ್ಲ ಎಂದು ತಾವು ಕೇಳಬಹುದು. ಕಾರ್ಖಾನೆಗಳಲ್ಲಿ ಹಾಲನ್ನು ೬೩ ಡಿಗ್ರಿ ಸೆಂಟಿಗ್ರೇಡಿನಲ್ಲಿ ೩೦ ನಿಮಿಷವಾಗಲಿ, ೭೨ ಡಿಗ್ರಿಯಲ್ಲಿ ೧೫ ಸೆಕೆಂಡುಗಳಾಗಲಿ ಕಾಯಿಸುವ ಪಾಶ್ಚರೀಕರಣದಿಂದ ರೋಗಕ್ರಿಮಿಗಳು ಸಾಯುತ್ತವೆ. ಆದರೆ ಅನೇಕ ಫೇಜುಗಳು ಸಾಯುವುದಿಲ್ಲ. ಹೆಪ್ಪಿಗಾಗಿ ಬಳಸುವ ಹಾಲನ್ನು ೯೦ ಡಿಗ್ರಿಗೆ ಏರಿಸಿ ಅರ್ಧ ಗಂಟೆ ಅದೇ ಶಾಖದಲ್ಲಿಟ್ಟರೆ ಬಹುಪಾಲು ಫೇಜುಗಳು ನಾಶವಾಗುತ್ತವೆ. ಚೆನ್ನಾಗಿ ಕಾಯಿಸಿದ ಹಾಲನ್ನು ಅಶುದ್ಧವಾದ ಪಾತ್ರೆಗೆ ಸುರಿದರೆ ಕಾಯಿಸಿದ ಸೌದೆಯೆಲ್ಲ ವ್ಯರ್ಥ.

೫. ತೊಳೆಯುವುದು ಬೇರೆ, ಫೇಜನ್ನು ಕೊಲ್ಲುವುದು ಬೇರೆ

ಈ ಭಾಷಣದ ಸಾರವನ್ನೆಲ್ಲ ಒಂದು ಮಾತಿನಲ್ಲಿ ಹೇಳೆಂದರೆ ನಾನು ಹೇಳತಕ್ಕದ್ದು ಇಷ್ಟೆ: ಮೊದಲು ತೊಳೆಯಿರಿ, ಆಮೇಲೆ ಔಷಧ ಹಾಕಿರಿ. ತೊಳೆಯದೆ ಹಾಕಿದ ಔಷಧವು ಕಳೆ ಕೀಳದ ಹೊಲಕ್ಕೆ ಹಾಕಿದ ಗೊಬ್ಬರದಂತೆ ಬೇಡದ ಕಡೆಗೆ ಹೋಗುತ್ತದೆ. ಕ್ಲೋರಿನ್ ಮೊದಲಾದ ಔಷಧಗಳು ಹಾಲಿನ ಜಿಡ್ಡನ್ನೂ ಕೇಸೀನನ್ನೂ ಕಂಡರೆ ಅವುಗಳೊಂದಿಗೇ ಕೂಡಿ ತಮ್ಮ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಪೊರೆಯ ಕೆಳಗೆ ಅವಿತ ಫೇಜಿಗೆ ಏನೂ ಆಗುವುದಿಲ್ಲ. ಶುದ್ಧಿಯ ಕ್ರಮವು ಈ ರೀತಿ ಇರತಕ್ಕದ್ದು.

ಮೊದಲನೆಯದಾಗಿ, ಹಾಲು ಖಾಲಿಯಾದ ಕೂಡಲೇ, ಪೊರೆ ಒಣಗುವುದಕ್ಕೆ ಮುಂಚೆ, ಉಗುರುಬೆಚ್ಚಗಿನ ನೀರಿನಿಂದ ಜಾಲಿಸಬೇಕು. ಕುದಿಯುವ ನೀರನ್ನು ಮೊದಲೇ ಹೊಯ್ಯಬಾರದು; ಹೊಯ್ದರೆ ಹಾಲಿನ ಸಾರವು ಬೆಂದು ಪಾತ್ರೆಗೆ ಅಂಟಿಕೊಳ್ಳುತ್ತದೆ.

ಎರಡನೆಯದಾಗಿ, ಬಟ್ಟೆ ಒಗೆಯುವ ಸೋಡ ಅಥವಾ ಹಾಲಿನ ಪಾತ್ರೆಗಳಿಗೆಂದೇ ಮಾರುವ ಕ್ಷಾರದ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಬ್ರಷ್ಷಿನಿಂದ ಮೂಲೆಮೂಲೆಗಳನ್ನೂ ಉಜ್ಜಬೇಕು. ಮುಚ್ಚಳದ ರಬ್ಬರು, ನಲ್ಲಿ, ಕೊಳವೆಯ ಜೋಡಣೆಗಳನ್ನು ಬಿಚ್ಚಿ ತೊಳೆಯದೆ ಹೊರಗಡೆಯನ್ನು ಮಾತ್ರ ಥಳಥಳಿಸಿದರೆ ಪ್ರಯೋಜನವಿಲ್ಲ. ಅಲ್ಯೂಮಿನಿಯಂ ಕ್ಯಾನುಗಳನ್ನು ಕಾಸ್ಟಿಕ್ ಸೋಡವು ತಿಂದುಹಾಕುತ್ತದೆ. ಬಟ್ಟೆ ಸೋಡವೂ ಅವಕ್ಕೆ ಒಳ್ಳೆಯದಲ್ಲ. ಅವುಗಳಿಗೆ ತಕ್ಕದ್ದೆಂದು ಬರೆದಿರುವ ಪುಡಿಯನ್ನೇ ಬಳಸತಕ್ಕದ್ದು. ದೊಡ್ಡ ಕಾರ್ಖಾನೆಗಳ ಸ್ಟೈನ್‌ಲೆಸ್ ಸ್ಟೀಲ್ ಕೊಳವೆಗಳಲ್ಲಿ ನೂರಕ್ಕೆ ಒಂದು ಅಥವಾ ಒಂದೂವರೆ ಪಾಲು ಕಾಸ್ಟಿಕ್ ಸೋಡವುಳ್ಳ ನೀರನ್ನು ೭೦ ರಿಂದ ೮೦ ಡಿಗ್ರಿ ಶಾಖದಲ್ಲಿ ಹರಿಸುತ್ತಾರೆ. ಅನಂತರ ಸುಣ್ಣದಂಶದಿಂದಾದ ಗಟ್ಟಿ ಪೊರೆ ಹೋಗಲೆಂದು ನೀರುಮಾಡಿದ ಆಮ್ಲವನ್ನು ಹರಿಸುತ್ತಾರೆ. ಜಿಡ್ಡಿಗೆ ಕ್ಷಾರ, ಗಟ್ಟಿ ಪೊರೆಗೆ ಆಮ್ಲ ಎಂಬುದು ನಿಯಮ. ಇದು ತರಬೇತಾದವರ ಕೆಲಸ.

ಮೂರನೆಯದಾಗಿ, ಕ್ಷಾರದ ಅಂಶವೆಲ್ಲ ಹೋಗುವಂತೆ ಶುದ್ಧವಾದ ನೀರಿನಿಂದ ಜಾಲಿಸಬೇಕು. ಕ್ಷಾರ ಉಳಿದರೆ ಮುಂದೆ ಹಾಕುವ ಕ್ಲೋರಿನ್ನಿನ ಶಕ್ತಿ ಕುಗ್ಗುತ್ತದೆ.

ನಾಲ್ಕನೆಯದಾಗಿ, ಫೇಜನ್ನು ಕೊಲ್ಲುವ ಶಾಖವನ್ನೋ ಔಷಧವನ್ನೋ ಪ್ರಯೋಗಿಸಬೇಕು. ಐದನೆಯದಾಗಿ, ಕಾಯಿಸಿ ಆರಿಸಿದ ನೀರಿನಿಂದ ಜಾಲಿಸಿ, ಪಾತ್ರೆಗಳನ್ನು ನೆಲಕ್ಕೆ ತಾಕದಂತೆ ಅಟ್ಟಣೆಯ ಮೇಲೆ ಕವುಚಿ ಹಾಕಬೇಕು. ಒರೆಸುವ ಬಟ್ಟೆಯಿಂದ ಒರೆಸಬಾರದು. ಎಲ್ಲ ಪಾತ್ರೆಗಳಿಗೂ ರೋಗ ಹಂಚುವುದು ಆ ಬಟ್ಟೆಯೇ.

೬. ಔಷಧಗಳ ಗುಣಾವಗುಣ

ಸಣ್ಣ ಪಾತ್ರೆಗಳಿಗೆ ಕುದಿಯುವ ನೀರಿಗಿಂತ ಸುಲಭವಾದ ಔಷಧವಿಲ್ಲ. ಸೌಟು, ಸೋಸುವ ಬಟ್ಟೆ, ಹೆಪ್ಪಿನ ಪಾತ್ರೆ ಮುಂತಾದುವನ್ನು ಪೂರ್ತಿ ಮುಳುಗಿಸಿ ೨೦ ನಿಮಿಷ ಕುದಿಸತಕ್ಕದ್ದು. ಮೇಲೆ ಬಿಸಿನೀರನ್ನು ಎರಚಿದರೆ ಸಾಲದು. ಎರಚಿದ ನೀರು ಕ್ಷಣದಲ್ಲಿ ತಣ್ಣಗಾಗುತ್ತದೆ.

ಕುದಿಸಲಾಗದ ತೊಟ್ಟಿ, ಮೇಜು, ನೆಲ, ಗೋಡೆಗಳಿಗೆ ಬ್ಲೀಚಿಂಗ್ ಪೌಡರು ಅಗ್ಗವಾದುದು. ಹೊಸದಾದ ಒಳ್ಳೆಯ ಪುಡಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಕ್ಲೋರಿನ್ ಇರುತ್ತದೆ. ತೊಳೆದ ತೊಟ್ಟಿ, ಮೇಜುಗಳಿಗೆ ೧೦ ಲೀಟರು ನೀರಿಗೆ ೬ ಗ್ರಾಮಿನಂತೆ ಹಾಕಿದರೆ ಹತ್ತು ಲಕ್ಷದಲ್ಲಿ ಸುಮಾರು ೨೦೦ ಪಾಲು ಕ್ಲೋರಿನ್ ಆಗುತ್ತದೆ. ನೆಲಕ್ಕೂ ಚರಂಡಿಗೂ ಇದರ ನಾಲ್ಕರಷ್ಟು, ಎಂದರೆ ೧೦ ಲೀಟರಿಗೆ ೨೪ ಗ್ರಾಂ ಹಾಕತಕ್ಕದ್ದು. ಪುಡಿಯನ್ನು ಮೊದಲು ಸ್ವಲ್ಪ ನೀರಿನಲ್ಲಿ ಕಲಸಿ, ಉಳಿದ ನೀರನ್ನು ಕೂಡಿಸಿ, ಮಡ್ಡಿ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ಬಳಸಬೇಕು. ಆ ತಿಳಿಯಿಂದ ಮೇಲ್ಮೈ ೧೦ ರಿಂದ ೧೫ ನಿಮಿಷ ಒದ್ದೆಯಾಗಿಯೇ ಇರಬೇಕು. ಆ ಬಳಿಕ ಜಾಲಿಸದೆ ಬಿಟ್ಟರೆ ಲೋಹವು ತಿಂದುಹೋಗುತ್ತದೆ, ಉಳಿದ ಕ್ಲೋರಿನ್ ಹೆಪ್ಪನ್ನೂ ಕೊಲ್ಲುತ್ತದೆ. ಅಲ್ಯೂಮಿನಿಯಂ ಪಾತ್ರೆಗಳಿಗೆ ಇದು ಬೇಡ. ಹಬೆಯೋ ಕುದಿಯುವ ನೀರೋ ಸಾಕು. ಪುಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿ, ಬಿಸಿಲೂ ತೇವವೂ ತಗಲದಂತೆ ಇಡಬೇಕು. ಬಾಯಿ ತೆರೆದಿಟ್ಟ ಚೀಲದ ಪುಡಿಯು ಹೆಸರಿಗೆ ಮಾತ್ರ ಔಷಧ. ಕಲಸಿದ ನೀರನ್ನು ಆ ದಿನವೇ ಬಳಸತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆಯನ್ನು ವಿಶೇಷವಾಗಿ ಹೇಳುತ್ತೇನೆ. ಬ್ಲೀಚಿಂಗ್ ಪೌಡರನ್ನು ಯಾವ ಆಮ್ಲದೊಂದಿಗೂ ಬೆರೆಸಬಾರದು. ಬೆರೆಸಿದರೆ ಪ್ರಾಣಾಪಾಯಕರವಾದ ವಿಷವಾಯು ಏಳುತ್ತದೆ. ಕೊಟ್ಟಿಗೆಯಲ್ಲಿ ಗಂಜಲ ನಿಂತ ನೆಲದ ಮೇಲೂ ಹಾಕಬಾರದು. ಗಂಜಲದ ಅಮೋನಿಯದೊಂದಿಗೆ ಕೂಡಿ ಅಲ್ಲಿಯೂ ಕೆಟ್ಟ ವಾಯು ಹುಟ್ಟುತ್ತದೆ. ನೆಲವನ್ನು ಮೊದಲು ನೀರಿನಿಂದ ಚೆನ್ನಾಗಿ ತೊಳೆದು, ಕಿಟಕಿ ಬಾಗಿಲುಗಳನ್ನು ತೆರೆದು ಕೆಲಸ ಮಾಡಬೇಕು.

ದೊಡ್ಡ ಕಾರ್ಖಾನೆಗಳಲ್ಲಿ ಪೆರಾಸೆಟಿಕ್ ಆಮ್ಲವನ್ನು ಬಳಸುತ್ತಾರೆ. ನೂರಕ್ಕೆ ೦.೧೫ ಪಾಲಿನಷ್ಟು ನೀರುಮಾಡಿದ ಈ ಆಮ್ಲವು ಪರೀಕ್ಷಿಸಿದ ಅನೇಕ ಹಾಲಿನ ಫೇಜುಗಳನ್ನು ಸುಮಾರು ಐದು ನಿಮಿಷಗಳಲ್ಲಿ ನಾಶಮಾಡಿದೆ. ಕೊನೆಗೆ ಇದು ವಿನಿಗರಿನ ಹುಳಿ, ನೀರು, ಆಮ್ಲಜನಕಗಳಾಗಿ ಒಡೆಯುವುದು ಒಂದು ಅನುಕೂಲ. ಆದರೆ ಗಟ್ಟಿಯಾದ ಆಮ್ಲವು ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಕೈಚೀಲ, ಕನ್ನಡಕಗಳಿಲ್ಲದೆ ಮುಟ್ಟಬಾರದು.

ಇನ್ನು ಜನರು ನಂಬಿರುವ ಎರಡು ಔಷಧಗಳ ವಿಚಾರ. ಕೈಗೆ ಸವರಿಕೊಳ್ಳುವ ಆಲ್ಕೊಹಾಲ್ ದ್ರವವು ಅನೇಕ ರೋಗಕ್ರಿಮಿಗಳಿಗೆ ಒಳ್ಳೆಯ ಮದ್ದಾದರೂ ಹಾಲಿನ ಫೇಜುಗಳಲ್ಲಿ ಹಲವಕ್ಕೆ ದುರ್ಬಲವಾದುದು. ವಾಸನೆಯಿಲ್ಲದ ಕ್ವಾಟರ್ನರಿ ಅಮೋನಿಯಂ ಔಷಧಗಳು ಕೆಲವು ಫೇಜುಗಳನ್ನು ಕೊಲ್ಲುತ್ತವೆ, ಕೆಲವನ್ನು ಕೊಲ್ಲುವುದಿಲ್ಲ. ಬಾಟಲಿಯ ಮೇಲೆ ಕ್ರಿಮಿನಾಶಕವೆಂದು ಬರೆದಿದ್ದ ಮಾತ್ರಕ್ಕೆ ಅದು ಫೇಜುನಾಶಕವಾಗುವುದಿಲ್ಲ. ಕೈಗಳನ್ನು ಸೋಪಿನಿಂದ ಮೊಣಕೈವರೆಗೆ ಉಜ್ಜಿ ತೊಳೆಯುವುದೇ ಮೇಲು.

೭. ಹೆಪ್ಪಿನ ಮನೆ

ಸಸಿಮಡಿಯನ್ನು ಗದ್ದೆಯ ರೋಗದಿಂದ ದೂರವಿಡುವಂತೆ ಹೆಪ್ಪನ್ನು ತೊಟ್ಟಿಯಿಂದ ದೂರವಿಡಬೇಕು. ಗಾಳಿಯು ತೊಟ್ಟಿಯ ಕಡೆಯಿಂದ ಬೀಸದಂಥ ಸ್ಥಳದಲ್ಲಿ, ಬಾಗಿಲು ಮುಚ್ಚುವ ಒಂದು ಸಣ್ಣ ಕೋಣೆ ಸಾಕು. ಅದಕ್ಕೆ ಪ್ರತ್ಯೇಕವಾದ ಪಾತ್ರೆ, ಪ್ರತ್ಯೇಕವಾದ ಬ್ರಷ್ಷು, ಪ್ರತ್ಯೇಕವಾದ ಮೇಲಂಗಿ, ಪ್ರತ್ಯೇಕವಾದ ಪಾದರಕ್ಷೆ ಇರಬೇಕು. ಬೆಳಗ್ಗೆ ಮೊದಲು ಹೆಪ್ಪಿನ ಕೆಲಸ, ಆಮೇಲೆ ತೊಟ್ಟಿಯ ಕೆಲಸ. ಕಾಲುವೆಯ ನೀರು ತೂಬಿನಿಂದ ಗದ್ದೆಗೆ ಹರಿಯುವುದೇ ಹೊರತು ಗದ್ದೆಯಿಂದ ತೂಬಿಗೆ ಹರಿಯುವುದಿಲ್ಲ; ಹಾಗೆಯೇ ಆಳು ಹೆಪ್ಪಿನ ಕೋಣೆಯಿಂದ ತೊಟ್ಟಿಗೆ ಹೋಗಬಹುದು, ತೊಟ್ಟಿಯಿಂದ ಹೆಪ್ಪಿನ ಕೋಣೆಗೆ ಹೋಗಕೂಡದು. ಈ ಒಂದು ನಿಯಮಕ್ಕೆ ಕಾಸಿನ ಖರ್ಚಿಲ್ಲ.

ನಿನ್ನೆಯ ತೊಟ್ಟಿಯ ಮೊಸರನ್ನೇ ಈ ದಿನಕ್ಕೆ ಹೆಪ್ಪಾಗಿ ಎತ್ತಿಕೊಳ್ಳುವುದು ಮನೆಗೆ ಸರಿ, ಕಾರ್ಖಾನೆಗೆ ತರವಲ್ಲ. ಅದರಿಂದ ಫೇಜನ್ನು ನಾವೇ ಪ್ರತಿದಿನ ಬಿತ್ತಿದಂತಾಗುತ್ತದೆ. ಒಂದೇ ಹೊಲದಲ್ಲಿ ಒಂದೇ ಬೆಳೆಯನ್ನು ವರ್ಷವರ್ಷವೂ ಬೆಳೆದರೆ ಆ ಬೆಳೆಯ ರೋಗವು ನೆಲದಲ್ಲಿ ನಿಲ್ಲುವುದನ್ನು ತಾವು ಬಲ್ಲಿರಿ. ಅದಕ್ಕಾಗಿ ಬೆಳೆಯನ್ನು ಸರದಿಯಾಗಿ ಬದಲಾಯಿಸುತ್ತೀರಿ. ಹೆಪ್ಪಿಗೂ ಇದೇ ಕ್ರಮ. ಒಂದೇ ಫೇಜಿಗೆ ಬಲಿಯಾಗದಂಥ ಎರಡು ಮೂರು ಬಗೆಯ ಹೆಪ್ಪುಗಳನ್ನು ತರಿಸಿ ದಿನಕ್ಕೊಂದರಂತೆ ಸರದಿಯಲ್ಲಿ ಬಳಸಿದರೆ, ಒಂದರ ಫೇಜು ಬೆಳೆಯುವುದಕ್ಕೆ ಮುಂಚೆ ಅದರ ಆಹಾರ ತಪ್ಪುತ್ತದೆ. ಕೆಲವು ಅಣುಜೀವಿಗಳು ತಮ್ಮನ್ನು ಮುತ್ತಿದ ಫೇಜಿನ ಗುರುತನ್ನು ತಮ್ಮ ವಂಶದ್ರವ್ಯದಲ್ಲಿಯೇ ಬರೆದಿಟ್ಟುಕೊಂಡು ಮುಂದೆ ಅದನ್ನು ಎದುರಿಸುತ್ತವೆಂಬ ಆಶ್ಚರ್ಯಕರವಾದ ಸಂಗತಿಯು ಮೊಸರಿನ ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್ ಎಂಬ ಅಣುಜೀವಿಯಲ್ಲಿ ೨೦೦೭ರಲ್ಲಿ ಸ್ಥಿರಪಟ್ಟಿತು. ಅಂಥ ಗಟ್ಟಿಗ ಹೆಪ್ಪುಗಳನ್ನು ಆರಿಸಿ ಮಾರುವುದೂ ಉಂಟು. ಆದರೆ ಫೇಜೂ ಬದಲಾಗುತ್ತಲೇ ಇರುವುದರಿಂದ, ಗಟ್ಟಿಗ ಹೆಪ್ಪಿದೆಯೆಂದು ಶುದ್ಧಿಯನ್ನು ಬಿಡುವಂತಿಲ್ಲ.

೮. ದೂರುವುದಕ್ಕೆ ಮುಂಚೆ ಪರೀಕ್ಷೆ

ಹೆಪ್ಪು ಕೆಡುವುದಕ್ಕೆ ಫೇಜೊಂದೇ ಕಾರಣವಲ್ಲ. ಕೆಚ್ಚಲು ಬಾವಿಗೆ ಔಷಧ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದ ಗಡುವಿಗೆ ಮುಂಚೆಯೇ ಸೇರಿಸಿದರೆ ಆ ಔಷಧವು ಹೆಪ್ಪನ್ನು ಕೊಲ್ಲುತ್ತದೆ. ಪಾತ್ರೆಯಲ್ಲುಳಿದ ಕ್ಲೋರಿನ್, ಹಳೆಯ ಹೆಪ್ಪು, ಶಾಖದ ಹೆಚ್ಚುಕಡಮೆ, ಇವೂ ಕಾರಣಗಳೇ. ಇವುಗಳಲ್ಲಿ ಯಾವುದೆಂಬುದನ್ನು ಊಹೆಯಿಂದ ನಿರ್ಣಯಿಸಬಾರದು. ಅದಕ್ಕಾಗಿ ಮೂರು ಬಟ್ಟಲುಗಳ ಪರೀಕ್ಷೆಯನ್ನು ಹೇಳುತ್ತೇನೆ.

ಕುದಿಸಿದ ಮೂರು ಬಟ್ಟಲುಗಳಿಗೆ, ಚೆನ್ನಾಗಿ ಕಾಯಿಸಿ ಹದಕ್ಕೆ ಆರಿಸಿದ ಒಳ್ಳೆಯ ಹಾಲನ್ನು ಸಮನಾಗಿ, ತಲಾ ೧೦೦ ಮಿಲಿಲೀಟರಿನಂತೆ ಹಾಕಿರಿ. ಮೂರಕ್ಕೂ ಕೆಟ್ಟ ತೊಟ್ಟಿಗೆ ಬಳಸಿದ್ದ ಅದೇ ಬಗೆಯ ಹೆಪ್ಪನ್ನು, ಕೋಣೆಯಲ್ಲಿ ಕಾಪಾಡಿಟ್ಟ ದಾಸ್ತಾನಿನಿಂದ ತೆಗೆದು, ಸಮನಾಗಿ ಹಾಕಿರಿ. ಬೇರೆ ಬಗೆಯ ಹೆಪ್ಪನ್ನು ಹಾಕಿದರೆ ಪರೀಕ್ಷೆ ನಿಷ್ಫಲ. ಕೀಲಿಕೈಯ ಮಾತನ್ನು ಜ್ಞಾಪಿ​ಸಿಕೊಳ್ಳಿರಿ. ಮೊದಲನೆಯ ಬಟ್ಟಲಿಗೆ ಮತ್ತೇನೂ ಬೇಡ. ಎರಡನೆಯದಕ್ಕೆ ಕೆಟ್ಟ ತೊಟ್ಟಿಯ ದ್ರವವನ್ನು ಒಂದು ಟೀ ಚಮಚ ಹಾಕಿರಿ. ಮೂರನೆಯದಕ್ಕೆ ಅದೇ ದ್ರವವನ್ನು ೨೦ ನಿಮಿಷ ಕುದಿಸಿ ಆರಿಸಿ ಅಷ್ಟೇ ಹಾಕಿರಿ. ಮೂರನ್ನೂ ಮುಚ್ಚಿ ಒಂದೇ ಬೆಚ್ಚಗಿನ ಸ್ಥಳದಲ್ಲಿಡಿರಿ.

ಒಂದನೆಯದೂ ಮೂರನೆಯದೂ ಗಟ್ಟಿಯಾಗಿ, ಎರಡನೆಯದು ಮಾತ್ರ ನೀರಾಗಿ ಉಳಿದರೆ ಫೇಜಿನ ಮೇಲೆ ಬಲವಾದ ಸಂದೇಹ. ಒಂದನೆಯದೇ ಗಟ್ಟಿಯಾಗದಿದ್ದರೆ ಹೆಪ್ಪೇ ಕೆಟ್ಟಿದೆ. ಎರಡೂ ಮೂರೂ ಕೆಟ್ಟರೆ ಕುದಿಸಿದರೂ ಹೋಗದ ಯಾವುದೋ ಔಷಧ ಸೇರಿರಬಹುದು. ಮೂರೂ ಗಟ್ಟಿಯಾದರೆ ಶಾಖ ಮೊದಲಾದ ಬೇರೆ ಕಾರಣಗಳನ್ನು ವಿಚಾರಿಸಬೇಕು. ಆದರೆ ಒಂದು ಚಮಚ ದ್ರವವು ಬಟ್ಟಲಿನಲ್ಲಿ ತೆಳುವಾಗುವುದರಿಂದ, ಪಶುವಿನ ಔಷಧದ ಸಂದೇಹವಿದ್ದಲ್ಲಿ ಆಯಾ ಕ್ಯಾನಿನ ಹಾಲನ್ನೇ ಪ್ರತ್ಯೇಕವಾಗಿ ಪರೀಕ್ಷೆ ಮಾಡಿಸಬೇಕು. ಈ ಮೂರು ಬಟ್ಟಲುಗಳು ದಾರಿ ತೋರಿಸುವುವೇ ಹೊರತು ಕೊನೆಯ ತೀರ್ಪನ್ನು ಕೊಡುವುದಿಲ್ಲ. ನಿಶ್ಚಯಕ್ಕೆ ಪ್ರಯೋಗಶಾಲೆಗೆ ಕಳುಹಿಸತಕ್ಕದ್ದು.

ಕೆಟ್ಟ ತೊಟ್ಟಿಯ ಹಾಲನ್ನು ಏನು ಮಾಡಬೇಕು? ಹಲವು ಗಂಟೆ ಬೆಚ್ಚಗೆ ನಿಂತು ಹುಳಿಯಾಗದ ಹಾಲನ್ನು ಮರಳಿ ಕಾಯಿಸಿ ಮಾರಬಾರದು. ಅದರಲ್ಲಿ ಬೆಳೆದ ಕೆಲವು ಕ್ರಿಮಿಗಳ ವಿಷವು ಕುದಿಸಿದರೂ ಹೋಗುವುದಿಲ್ಲ. ಅದನ್ನು ಅಂಗಳದಲ್ಲಿ ಚೆಲ್ಲಲೂ ಕೂಡದು; ಚೆನ್ನಾಗಿ ಕುದಿಸಿ, ಕಾರ್ಖಾನೆಯಿಂದ ದೂರದ ಗುಂಡಿಗೆ ಹಾಕಬೇಕು. ಹೆಪ್ಪು ಹಾಕಿದ ಎರಡು ಮೂರು ಗಂಟೆಗೊಮ್ಮೆ ಹುಳಿಯನ್ನು ಅಳೆದು ನೋಡುವ ಅಭ್ಯಾಸವಿದ್ದರೆ, ಕೆಡುವ ಲಕ್ಷಣವು ಬೇಗ ಕಂಡು, ಬೇರೆ ಬಗೆಯ ಹೆಪ್ಪನ್ನು ಕೂಡಲೇ ಹಾಕಿ ಹಾಲನ್ನು ಉಳಿಸಿಕೊಳ್ಳುವ ಅವಕಾಶವಿರುತ್ತದೆ.

೯. ಮುಖಂಡರ ಕರ್ತವ್ಯ

ಮಹನೀಯರೇ, ಈ ಕೆಲಸದಲ್ಲಿ ತಮ್ಮಿಂದಾಗಬೇಕಾದ ಸಹಾಯವು ದೊಡ್ಡದು. ಹೆಪ್ಪು ಕೆಟ್ಟಿತೆಂಬ ದೂರು ಬಂದಾಗ ಯಾರ ಹಾಲನ್ನೂ ನಿಲ್ಲಿಸುವುದಕ್ಕೆ ಮುಂಚೆ, ಯಾರಿಗೂ ದಂಡ ವಿಧಿಸುವುದಕ್ಕೆ ಮುಂಚೆ, ಈ ಬಟ್ಟಲುಗಳ ಪರೀಕ್ಷೆಯು ದೂರಿಗೆ ಗುರಿಯಾದವರ ಎದುರಿನಲ್ಲಿಯೇ ನಡೆಯುವಂತೆ ತಾವು ಏರ್ಪಡಿಸಬೇಕು. ತಪ್ಪಿತಸ್ಥನು ಸಿಕ್ಕಿದರೆ ಅವನಿಗೆ ತಕ್ಕದ್ದಾಗಲಿ. ನಿರಪರಾಧಿಯ ಮರ್ಯಾದೆಯು ಹೋದರೆ ಅದನ್ನು ಮರಳಿ ತರುವ ಔಷಧವಿಲ್ಲ. ನಿಜವಾದ ಕಾರಣವು ತೊಟ್ಟಿಯ ಸಂದಿನಲ್ಲಿದ್ದು, ಮನುಷ್ಯನನ್ನು ಹೊರಗಟ್ಟಿದರೆ, ಮೊಸರು ಮರುದಿನವೂ ಕೆಡುತ್ತದೆ. ಆಗ ಮತ್ತೊಬ್ಬನನ್ನು ಹುಡುಕಬೇಕಾಗುತ್ತದೆ.

ಎರಡನೆಯದಾಗಿ, ಪಾತ್ರೆ ತೊಳೆಯುವವರನ್ನು ಕೀಳಾಗಿ ಕಾಣಬಾರದು. ಸಂಘದ ಆದಾಯವನ್ನು ಕಾಯುವವರು ಅವರೇ. ಅವರಿಗೆ ಬಿಸಿನೀರಿಗೆ ಸೌದೆಯನ್ನೂ, ಬ್ರಷ್ಷನ್ನೂ, ಕೈಚೀಲವನ್ನೂ, ತೂಕ ಮಾಡಲು ಸಣ್ಣ ತಕ್ಕಡಿಯನ್ನೂ ಒದಗಿಸದೆ ಶುದ್ಧಿಯನ್ನು ಅಪೇಕ್ಷಿಸುವುದು ನೇಗಿಲು ಕೊಡದೆ ಉಳುಮೆಯನ್ನು ಅಪೇಕ್ಷಿಸಿದಂತೆ.

ಸಾರಾಂಶ

೧. ಹಾಲು ಖಾಲಿಯಾದೊಡನೆ ಪಾತ್ರೆಯನ್ನು ಉಗುರುಬೆಚ್ಚಗಿನ ನೀರಿನಿಂದ ಜಾಲಿಸಿರಿ. ಪೊರೆ ಒಣಗಲು ಬಿಡಬೇಡಿರಿ.

೨. ಕ್ಷಾರ ಮತ್ತು ಬ್ರಷ್ಷಿನಿಂದ ಉಜ್ಜಿ, ಜಾಲಿಸಿ, ಆ ಮೇಲೆಯೇ ಶಾಖವನ್ನೋ ಔಷಧವನ್ನೋ ಪ್ರಯೋಗಿಸಿರಿ.

೩. ಸಣ್ಣ ಪಾತ್ರೆಗಳನ್ನು ೨೦ ನಿಮಿಷ ಕುದಿಸಿರಿ. ತೊಟ್ಟಿ, ಮೇಜುಗಳಿಗೆ ೧೦ ಲೀಟರಿಗೆ ೬ ಗ್ರಾಂ, ನೆಲ, ಚರಂಡಿಗಳಿಗೆ ೨೪ ಗ್ರಾಂ ಹೊಸ ಬ್ಲೀಚಿಂಗ್ ಪೌಡರನ್ನು ಬಳಸಿರಿ.

೪. ಬ್ಲೀಚಿಂಗ್ ಪೌಡರನ್ನು ಆಮ್ಲದೊಂದಿಗಾಗಲಿ ಗಂಜಲದೊಂದಿಗಾಗಲಿ ಎಂದಿಗೂ ಸೇರಿಸಬೇಡಿರಿ.

೫. ಹೆಪ್ಪಿನ ಕೋಣೆ ಪ್ರತ್ಯೇಕವಾಗಿರಲಿ. ಮೊದಲು ಹೆಪ್ಪಿನ ಕೆಲಸ, ಅನಂತರ ತೊಟ್ಟಿಯ ಕೆಲಸ.

೬. ಹೆಪ್ಪುಗಳನ್ನು ಸರದಿಯಾಗಿ ಬದಲಾಯಿಸಿರಿ.

೭. ಪರೀಕ್ಷೆ ಮಾಡದೆ ಯಾರನ್ನೂ ದೂರಬೇಡಿರಿ.

 ಮೇಲೆ ಹೇಳಿದ ಕ್ರಮಗಳನ್ನು ತಮ್ಮ ತಮ್ಮ ಗ್ರಾಮಗಳಲ್ಲಿ ಆಚರಣೆಗೆ ತಂದು, ಹಾಲಿನ ಉದ್ಯೋಗವು ಎಲ್ಲರ ಮನೆಗಳಿಗೂ ಲಾಭಕರವಾಗುವಂತೆ ಮಾಡಬೇಕೆಂದು ಪ್ರಾರ್ಥಿಸಿ ನನ್ನ ಭಾಷಣವನ್ನು ಮುಗಿಸುತ್ತೇನೆ.